ಅಕ್ಕೋರ ಸೊಟ್ಟ ಬೆರಳು, ನನ್ನ ಹಲ್ಲಿ

ಅಕ್ಕೋರ ಬಲಗೈಯ ತೋರುಬೆರಳು ನಡುಗೆಣ್ಣಿನಿಂದ ಮುಂದಕ್ಕೆ ಎಡಗಡೆ ಹೊರಳಿತ್ತು. ಚಿಕ್ಕವರಿದ್ದಾಗ ಪಂಚಮಿಯ ಜೋಕಾಲಿಯ ಹಗ್ಗಕ್ಕೆ ಸಿಕ್ಕು ಮುರಿದದ್ದಂತೆ. ಅವರ ಊರು ಲಕ್ಷ್ಮೇಶ್ವರ. ಅಲ್ಲಿ ಯಾರೋ ಕಟ್ಟು ಕಟ್ಟಿದರು, ಎಲುಬು ಕೂಡಿತು, ದಾರಿ ಮಾತ್ರ ತಪ್ಪಿತು. ಹೀಗಾಗಿ ತರಗತಿಯಲ್ಲಿ ಅವರು ಒಬ್ಬಳ ಕಡೆ ಬೆರಳು ತೋರಿಸಿ "ಎದ್ದು ಹೇಳು" ಎಂದರೆ ಪಕ್ಕದವಳು ಎದ್ದು ನಿಲ್ಲುತ್ತಿದ್ದಳು. ಎದ್ದವಳಿಗೆ ಉತ್ತರ ಬರದಿದ್ದರೆ "ನಿನಗಲ್ಲ ಕೇಳಿದ್ದು, ಕುಂಡ್ರು" ಎನ್ನುವರು. ಬಂದರೆ "ನಿನಗ ಕೇಳಿದ್ದು" ಎನ್ನುವರು. ಇಡೀ ತರಗತಿ ನಗುತ್ತಿತ್ತು, ಎಲ್ಲರಿಗಿಂತ ಜೋರಾಗಿ ಅವರೇ ನಗುತ್ತಿದ್ದರು.

ನಮ್ಮ ಕಡೆ ಪಾಠ ಹೇಳುವ ಹೆಣ್ಣುಮಗಳಿಗೆ ಅಕ್ಕೋರು ಎನ್ನುತ್ತಾರೆ. ಊರ ತುಂಬ ಅಕ್ಕೋರುಗಳಿದ್ದರೂ ಬೆಟಗೇರಿಯ ನಮ್ಮ ಓಣಿಯಲ್ಲಿ ಹಾಗೆಂದರೆ ಇವರೊಬ್ಬರೇ. ನಮ್ಮ ಎದುರು ಮನೆ. ಮದುವೆಯಾಗಿರಲಿಲ್ಲ, ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದರು. ನಾನೂ ಅವರಲ್ಲೇ ಕಲಿತವಳು. ಹಾಗಂತ ಅವರೇನು ದೇವರಂಥವರಲ್ಲ. ನಳದ ಮುಂದೆ ಕೊಡ ಸಾಲಿಗಿಡುವ ವಿಷಯದಲ್ಲಿ ಓಣಿಯ ಯಾರಿಗೂ ಸೋತವರಲ್ಲ. ಚಹಾಕ್ಕೆ ಸಕ್ಕರೆ ಹಾಕುವಾಗ ಕೈ ಬಿಗಿಯಾಗುತ್ತಿತ್ತು. ತಮಗೆ ಬೇಡದ ಮಾತು ಬಂದರೆ ಕಿವಿ ಕೇಳದವರಂತೆ ಕೂತುಬಿಡುತ್ತಿದ್ದರು.

ಗದಗ ಆಗಷ್ಟೇ ಜಿಲ್ಲೆಯಾಗಿತ್ತು. ಪ್ರತಿಯೊಂದಕ್ಕೂ ಧಾರವಾಡಕ್ಕೆ ಓಡುವುದು ತಪ್ಪಿತೆಂದು ಹಿರಿಯರು ಹಿಗ್ಗಿನಲ್ಲಿದ್ದ ಕಾಲ. ಆ ವರ್ಷ ನಾನು ಪಂಚಮಿಗೆ ತವರಿಗೆ ಬಂದೆ. ಮದುವೆಯಾದ ಹೆಣ್ಣುಮಕ್ಕಳು ಪಂಚಮಿಗೆ ಬರುವುದು, ಜೋಕಾಲಿ ಆಡುವುದು, ಉಂಡಿ ತಿನ್ನುವುದು, ಡಬ್ಬಿಯ ತಳ ಕಾಣುವ ಹೊತ್ತಿಗೆ ಗಂಡನ ಮನೆಗೆ ಹೋಗುವುದು ನಮ್ಮಲ್ಲಿ ನಡೆದುಬಂದ ರೂಢಿ. ಉಂಡಿ ತೀರಿದವು, ಗಣಪತಿ ಬಂದು ಹೋದ, ನಾನು ಹೋಗಲಿಲ್ಲ.

ನನ್ನ ಗಂಡನ ಮನೆ ಮುಂಡರಗಿ. ಕಾಲೇಜು ಅರ್ಧಕ್ಕೆ ಬಿಡಿಸಿ ಮದುವೆ ಮಾಡಿದ್ದರು. ಹೊಡೆದರೇನು ಅಂದರೆ ಇಲ್ಲ, ಬೈದರೇನು ಅಂದರೆ ಅದೂ ಇಲ್ಲ. ಮತ್ತೇನು ತ್ರಾಸ ಎಂದು ಅವ್ವ ಕೇಳುತ್ತಿದ್ದಳು. ಅವರ ಮನೆತನದ ಪದ್ಧತಿಯಂತೆ ಮದುವೆಯ ದಿನವೇ ಗಿರಿಜಾ ಎಂಬ ನನ್ನ ಹೆಸರು ತೆಗೆದು ಸೌಭಾಗ್ಯ ಎಂದು ಇಟ್ಟಿದ್ದರು. ಆಮೇಲೆ ಅತ್ತೆಗೆ ಬೇಕಾದ ಸೌಭಾಗ್ಯ ಒಬ್ಬಳು, ನಾದಿನಿಗೆ ಬೇಕಾದವಳು ಇನ್ನೊಬ್ಬಳು, ಗಂಡನಿಗೆ ಬೇಕಾದವಳು ಸಪ್ಪಳವೇ ಮಾಡದ ಮತ್ತೊಬ್ಬಳು. ಬೆಳಗಿನಿಂದ ರಾತ್ರಿಯ ತನಕ ಒಬ್ಬಳಿಂದ ಇನ್ನೊಬ್ಬಳಾಗುತ್ತ ನನ್ನ ಮಾತು ಎಲ್ಲೋ ಬಿದ್ದುಹೋಗಿತ್ತು. ತವರಿಗೆ ಬಂದ ಮೇಲೂ ಸಿಗಲಿಲ್ಲ. ಯಾರಾದರೂ ಏನಾದರೂ ಕೇಳಿದರೆ ಕಸಬರಿಗೆ ಹಿಡಿದು ಗುಡಿಸಿದ ಅಂಗಳವನ್ನೇ ಮತ್ತೆ ಗುಡಿಸುತ್ತಿದ್ದೆ. ದೀಪಾವಳಿ ಮುಗಿದ ಮೇಲೆ ಹಿರಿಯರನ್ನು ಕೂಡಿಸಿ ನನ್ನನ್ನು ಕಳಿಸಿಕೊಡುವುದೆಂದು ಅಪ್ಪ ನಿಶ್ಚಯಿಸಿದ್ದರು.

ಅದೇ ದಿನಗಳಲ್ಲಿ ಅಕ್ಕೋರು ಓಣಿ ದಾಟಿ ಬಂದು ಅವ್ವನಿಗೆ ಹೇಳಿದರು: "ನಮ್ಮ ಆಟಕ್ಕ ಒಬ್ಬಾಕಿ ಕಮ್ಮಿ ಬಿದ್ದಾಳ್ರಿ. ಮಗಳನ್ನ ಒಂದ್ ತಾಸು ಕಳಸ್ರಿ."

ಆಟವೆಂದರೆ ಪಗಡೆ, ಕವಡೆ ಎಂದುಕೊಂಡು ಹೋದೆ. ಅಲ್ಲಿ ನೋಡಿದರೆ ಹಾಸುವ ಪಟವೂ ಇಲ್ಲ, ನಡೆಸುವ ಕಾಯಿಯೂ ಇಲ್ಲ. ಪುಣೆಯಿಂದ ಬಂದಿದ್ದ ಅವರ ಅಣ್ಣನ ಮಗ ಒಂದು ದಪ್ಪ ಇಂಗ್ಲಿಷ್ ಪುಸ್ತಕವನ್ನೂ ಒಂದು ಚೀಲ ದಾಳಗಳನ್ನೂ ಬಿಟ್ಟುಹೋಗಿದ್ದ. ಆಡುವವರು ಒಬ್ಬೊಬ್ಬರು ಒಂದೊಂದು ಪಾತ್ರ ಕಟ್ಟಿಕೊಳ್ಳಬೇಕು. ಕತೆ ನಡೆಸುವವರು ಅಕ್ಕೋರು. ಕತೆಯಲ್ಲಿ ಎದುರಾದ ಪ್ರಸಂಗಕ್ಕೆ ನಮ್ಮ ಪಾತ್ರ ಏನು ಮಾಡುತ್ತದೆಂದು ನಾವು ಬಾಯಿಬಿಟ್ಟು ಹೇಳಬೇಕು. ಅದು ಕೈಗೂಡಿತೋ ಇಲ್ಲವೋ ಎನ್ನುವುದನ್ನು ಇಪ್ಪತ್ತು ಮುಖದ ಒಂದು ದಾಳ ತೀರ್ಮಾನಿಸುತ್ತದೆ, ಅಂಕಿ ದೊಡ್ಡದಾದಷ್ಟೂ ಒಳ್ಳೆಯದು. ಅಕ್ಕೋರು ಆ ದಾಳವನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಏನೋ ಕೇಳಿಸಿದವರಂತೆ ತಲೆದೂಗಿ ಉರುಳಿಸುತ್ತಿದ್ದರು. ಬೇಡದ ಅಂಕಿ ಬಿದ್ದು ದಾಳ ಮಂಚದ ಕೆಳಗೆ ಹೋದರೆ "ನನಗ ಕಾಣಲಿಲ್ಲ" ಎಂದು ಮತ್ತೊಮ್ಮೆ ಹಾಕುತ್ತಿದ್ದರು.

ಹುಡುಗರಿಗೆ ಇಂಗ್ಲಿಷ್ ಮಾತು ರೂಢಿಯಾಗಲಿ ಎಂದು ಅವರು ಶುರುಮಾಡಿದ್ದು. ಇಂಗ್ಲಿಷು ಒಂದು ವಾರವೂ ಬಾಳಲಿಲ್ಲ. ಪುಸ್ತಕದಲ್ಲಿದ್ದ ಹಿಮದ ಬೆಟ್ಟ ಕಪ್ಪತಗುಡ್ಡವಾಯಿತು. "ಹಿಮ ನೀವು ಎಲ್ಲಿ ನೋಡೀರಿ? ಗಾಳಿ ಗೊತ್ತೈತಿ, ಅದರ ಬದ್ಲಿ ಗಾಳಿ ಅಂತ ಹಿಡೀರಿ" ಎಂದರು. ವೈರಿಯ ಕೋಟೆ ಡಂಬಳದ ಕೆರೆಯ ಏರಿಯ ಮೇಲೆ ಎದ್ದಿತು. ಯುದ್ಧ ರಂಗೇರಿದಾಗಲೇ ಹೊರಗೆ ಯಾರಾದರೂ "ನಳ ಬಂತು" ಎಂದು ಕೂಗುತ್ತಿದ್ದರು. ಎಷ್ಟೋ ದಿನಕ್ಕೊಮ್ಮೆ ಬರುವ ನೀರು. ರಾಕ್ಷಸನನ್ನು ಅಲ್ಲೇ ನಿಲ್ಲಿಸಿ ಎಲ್ಲರೂ ಕೊಡ ಹಿಡಿದು ಓಡುತ್ತಿದ್ದೆವು.

ಆಡುವವರು ನನ್ನನ್ನು ಬಿಟ್ಟರೆ ಇಬ್ಬರು. ಓಣಿಯ ಕೊನೆಯಲ್ಲಿ ಟ್ರಂಕು ಮಾಡುವವರ ಮಗಳು ರೇಷ್ಮಾ, ಕಾಲೇಜು ಹುಡುಗಿ. ಅವಳ ಪಾತ್ರ ಎಂಥ ಬೀಗವನ್ನೂ ತೆಗೆಯುವ ಕಳ್ಳಿ. ನೇಕಾರರ ಮನೆಯ ಈರಣ್ಣ ಇನ್ನೂ ಹೈಸ್ಕೂಲಿನವನು. ಅವನ ಪಾತ್ರ ಗದೆ ಹಿಡಿದ ದೈತ್ಯ, ಸದಾ ಹಸಿದವನು. ಅದು ಈರಣ್ಣನೇ.

"ನಿಂದೇನು?" ಎಂದು ಅಕ್ಕೋರು ನನ್ನನ್ನು ಕೇಳಿದರು.

ಪುಸ್ತಕದ ಒಂದು ಚಿತ್ರದ ಮೇಲೆ ನನ್ನ ಕಣ್ಣು ನಿಂತಿತ್ತು. ಕತ್ತಿ ಹಿಡಿದ ಹೆಂಗಸು, ಅರ್ಧ ಮೈ ಕರಡಿಯಾಗಿದೆ. ಬೇಕಾದಾಗ ಬೇಕಾದ ಪ್ರಾಣಿಯ ರೂಪ ತಾಳುವ ಯೋಧೆ. ಅದನ್ನು ತೋರಿಸಿದೆ. ಯಾವ್ಯಾವ ರೂಪ ಎಂದರು. ಗುಬ್ಬಿ, ಇಲಿ, ಇರುವೆ, ಹಲ್ಲಿ ಎಂದೆ.

"ಹುಲಿ ಇಲ್ಲೇನಕ್ಕಾ? ಆನಿ?" ಈರಣ್ಣನಿಗೆ ತಡೆಯಲಾಗಲಿಲ್ಲ. ನಾನು ತಲೆ ಅಲ್ಲಾಡಿಸಿದೆ.

ಅಕ್ಕೋರು ಕನ್ನಡಕ ತೆಗೆದು ಸೆರಗಿನಿಂದ ಒರೆಸಿಕೊಂಡರು. "ಯುದ್ಧಕ್ಕ ಹೊಂಟಾಕಿ ಹಲ್ಲಿ ಆಗ್ತಾಳ. ವೈರಿ ಮ್ಯಾಲ ಬೀಳ್ತಿ ಏನು? ಬಿದ್ರ ಅವ ಮನಿಗೆ ಹೋಗಿ ಪಂಚಾಂಗದಾಗ ಹಲ್ಲಿ ಬಿದ್ದ ಫಲ ನೋಡ್ಕೋತಾನ."

ಎಲ್ಲರೂ ನಕ್ಕರು. ಎಷ್ಟೋ ತಿಂಗಳ ಮೇಲೆ ನಾನೂ ನಕ್ಕೆ. ಆದರೆ ಅವರು ನನ್ನ ಹಲ್ಲಿಯನ್ನು ಬೇಡವೆನ್ನಲಿಲ್ಲ. "ಆತು, ಹಲ್ಲಿನ ಇರಲಿ. ಪ್ರಾಣಿ ಆದಾಗ ಮಾತಾಡಾಕ ಬರಾಂಗಿಲ್ಲ, ಅದು ಆಟದ ಕರಾರು. ಇನ್ನ ಆಕಿ ಸ್ವಂತ ರೂಪ ಹೆಂಗೈತಿ? ಹೆಸರೇನು?" ನಾನು ಪುಸ್ತಕದ ಹಾಳೆ ತಿರುವಿದೆ. ಅವರು ಕಾಯ್ದರು, ಆಮೇಲೆ ಹೇಳಿದರು: "ಗಡಬಡಿ ಇಲ್ಲ. ಹೊಳದಾಗ ಹೇಳು."

ನನ್ನ ಯೋಧೆ ಮುಂದೆ ಎಷ್ಟೋ ದಿನ ಯುದ್ಧವನ್ನೇ ಮಾಡಲಿಲ್ಲ. ಇಲಿಯಾಗಿ ಬಿಲ ಸೇರಿದಳು, ಗುಬ್ಬಿಯಾಗಿ ಜಂತಿಯಲ್ಲಿ ಕೂತಳು. ಅಕ್ಕೋರು ನನ್ನ ಪಾಳಿ ಬಂತೆಂದು ಬೆರಳು ತೋರಿಸಿದರೆ ಅದು ಪಕ್ಕದ ರೇಷ್ಮಾಳ ಕಡೆ ತಿರುಗಿರುತ್ತಿತ್ತು. ಅವಳು ಉತ್ತರಿಸಿಬಿಡುತ್ತಿದ್ದಳು, ನಾನು ಬದುಕಿದೆ ಎಂದು ಸುಮ್ಮನಾಗುತ್ತಿದ್ದೆ. ಇದು ಅಕ್ಕೋರಿಗೆ ತಿಳಿಯಲು ಹೊತ್ತು ಹಿಡಿಯಲಿಲ್ಲ. ಆಮೇಲೆ ನನಗೆ ಬೆರಳು ತೋರಿಸುವುದನ್ನೇ ಬಿಟ್ಟರು. ನನ್ನ ಪಾಳಿ ಬಂದಾಗ ಅಂಗೈ ಅಗಲಿಸಿ, ಏನನ್ನೋ ಇಸಿದುಕೊಳ್ಳುವವರಂತೆ ನನ್ನ ಕಡೆ ಚಾಚುತ್ತಿದ್ದರು. ನಾನು ಏನಾದರೂ ಹೇಳುವವರೆಗೆ ಆ ಕೈ ಹಿಂದಕ್ಕೆ ಹೋಗುತ್ತಿರಲಿಲ್ಲ. ಮುಖದಲ್ಲಿ ಅವಸರವಿಲ್ಲ, ಸಿಟ್ಟಿಲ್ಲ. ಚಹಾ ಆರಿ ತಣ್ಣಗಾದರೂ ಸರಿ.

ಹೀಗಿರುವಾಗ ಕತೆಯಲ್ಲಿ ರೇಷ್ಮಾಳ ಕಳ್ಳಿ ಡಂಬಳದ ಕೋಟೆಯಲ್ಲಿ ಸಿಕ್ಕಿಬಿದ್ದಳು. ರಾಜನ ಸಭೆ ಸೇರಿತು. ನಾನು ಹಲ್ಲಿಯಾಗಿ ಸಿಂಹಾಸನದ ಮೇಲಿನ ತೊಲೆಯಲ್ಲಿ ಅಂಟಿಕೊಂಡಿದ್ದೆ. ಅಕ್ಕೋರು ಮಂತ್ರಿಯ ದನಿ ತೆಗೆದು ಹೇಳಿದರು: "ಮಹಾರಾಜರ, ಈ ಹುಡುಗಿ ತಾನಾಗೇ ಒಲದು ಬಂದಾಳ. ಅರಮನಿಯಾಗ ಕಾಯಂ ಇರಾಕ ಆಕಿಗೂ ಮನಸೈತಿ." ಅದು ಸುಳ್ಳೆಂದು ಗೊತ್ತಿದ್ದದ್ದು ನನಗೊಬ್ಬಳಿಗೇ. ಮಂತ್ರಿ ಸಂಚು ಹೂಡುವಾಗ ನಾನು ಇಲಿಯಾಗಿ ಕೇಳಿಸಿಕೊಂಡಿದ್ದೆ. ಅಕ್ಕೋರ ಅಂಗೈ ನನ್ನ ಕಡೆ ಚಾಚಿತು.

"ಸುಳ್ಳು ಅಂತೀನ್ರಿ" ಎಂದೆ.

"ಹಲ್ಲಿ ಹೆಂಗ ಅಂತೈತಿ?"

"ಲೊಚಗುಡತೈತಿ."

"ಹಂಗಾರ ಹಾಕು ದಾಳ."

ಹತ್ತೊಂಬತ್ತು ಬಿತ್ತು. ನಾನು ಹಿಗ್ಗಿದೆ. ಅಕ್ಕೋರು ನಿಧಾನವಾಗಿ ಬಗ್ಗಿ ಆ ಸೊಟ್ಟ ಬೆರಳಿನಿಂದ ಮೂರು ಸಲ ನೆಲ ಕುಟ್ಟಿದರು. "ಸಭಾದಾಗಿದ್ದವರಿಗೆಲ್ಲಾ ಕೇಳೂ ಹಂಗ ಹಲ್ಲಿ ನುಡೀತು. ಮಂತ್ರಿ ಹೇಳಿದ್ದು ಖರೆ ಐತಿ ಅಂತ ರಾಜ ನೆಲ ಕುಟ್ಟಿದ, ಸಭಾ ಪೂರಾ ಕುಟ್ಟಿತು. ಕಳ್ಳಿನ್ನ ಒಳಗ ಒಯ್ದು ಬಾಗಲಾ ಹಾಕಿದ್ರು."

ಯಾರಾದರೂ ಮಾತಾಡುತ್ತಿರುವಾಗ ಗೋಡೆಯ ಹಲ್ಲಿ ಲೊಚಗುಟ್ಟಿದರೆ ಆ ಮಾತು ಸತ್ಯವೆಂದು ನೆಲ ಕುಟ್ಟುವುದು ನಮ್ಮ ಮನೆಮನೆಯ ರೂಢಿ. ಬುದ್ಧಿ ಬಂದಾಗಿನಿಂದ ನಾನೂ ಕುಟ್ಟಿದವಳೇ. ಆ ಹಲ್ಲಿ ಇಲ್ಲವೆನ್ನುತ್ತಿರಬಹುದು ಎಂದು ಒಮ್ಮೆಯೂ ಅನ್ನಿಸಿರಲಿಲ್ಲ.

"ಅದು ಬ್ಯಾಡ ಅನ್ನಾಕತ್ತಿತ್ತಲ್ರಿ" ಎಂದೆ.

"ನಿನಗ ಗೊತ್ತು. ಅವರಿಗೆ ಹೆಂಗ ಗೊತ್ತಾಗಬೇಕು?" ಎಂದರು ಅಕ್ಕೋರು. ಅಷ್ಟರಲ್ಲಿ ನಳ ಬಂತು. ರೇಷ್ಮಾ ಸಿಟ್ಟಿನಲ್ಲಿ ನನ್ನ ಕೊಡ ಹಿಂದೆ ಸರಿಸಿ ತನ್ನದನ್ನು ಮುಂದಿಟ್ಟಳು.

ದೀಪಾವಳಿ ಮುಗಿಯಿತು. ಮುಂಡರಗಿಯಿಂದ ಮಾವನವರೂ ಒಬ್ಬ ಹಿರಿಯರೂ ಬಂದರು. ನಮ್ಮ ಕಡೆಯಿಂದ ಅಪ್ಪ, ಶಿರಹಟ್ಟಿಯ ಸೋದರಮಾವ. ಓದಿಕೊಂಡವರು ಒಬ್ಬರಿರಲಿ ಎಂದು ಅಪ್ಪ ಅಕ್ಕೋರನ್ನೂ ಕರೆದಿದ್ದರು. ನಾನು ಅಡುಗೆಮನೆಯ ಪರದೆಯ ಹಿಂದೆ ಚಹಾದ ತಾಟು ಹಿಡಿದು ನಿಂತಿದ್ದೆ.

ಆ ಹಿರಿಯರು ಮೆತ್ತಗಿನ ದನಿಯವರು. "ತವರಮನಿ ಅಂದ್ರ ಹೆಣ್ಣಮಕ್ಕಳಿಗೆ ಆಸಿ ಇರತೈತಿ, ನಾಕ ದಿನಾ ನಿಂತಾಳ. ಈಗ ಬರಾಕ ಆಕಿಗೂ ಮನಸೈತಿ. ಬಾಯಿ ಬಿಟ್ಟು ಹೇಳಾಕ ನಾಚಿಕಿ, ಅಷ್ಟ."

ಪರದೆಯ ಹಿಂದೆಯೇ ಇಲ್ಲವೆಂದು ಜೋರಾಗಿ ತಲೆ ಅಲ್ಲಾಡಿಸಿದೆ. ತಾಟಿನಲ್ಲಿದ್ದ ಕಪ್ಪುಬಸಿಗಳು ಕಟಕಟ ಸದ್ದು ಮಾಡಿದವು. ಸೋದರಮಾವ ನಕ್ಕ. "ನೋಡ್ರಿ, ಮಾತು ಕೇಳಿ ಆಕಿ ಆಗಲೇ ಚಹಾ ತರಾಕ ಎದ್ಲು. ಖುಷಿ ಆಗೇತಿ." ಎಲ್ಲರೂ ನಕ್ಕರು. ಮಾವನವರು ಬಸ್ಸಿನ ಹೊತ್ತು ಕೇಳಿದರು.

ಪರದೆಯ ಸಂದಿಯಿಂದ ನೋಡಿದೆ. ಯಾರೂ ನನ್ನ ಕಡೆ ನೋಡುತ್ತಿರಲಿಲ್ಲ. ಅಕ್ಕೋರು ಮಾತ್ರ ಬಾಗಿಲಿನತ್ತ ತಿರುಗಿ ಕೂತಿದ್ದರು. ಒಂದು ಮಾತೂ ಆಡಲಿಲ್ಲ. ತೊಡೆಯ ಮೇಲಿದ್ದ ಬಲಗೈ ಎತ್ತಿ, ಅಂಗೈ ಅಗಲಿಸಿ, ನನ್ನ ಕಡೆ ಚಾಚಿದರು.

ನಾನು ಹೊರಗೆ ಬಂದೆ. ತಾಟು ಕೆಳಗಿಟ್ಟೆ. "ನನ್ನ ಹೆಸರು ಗಿರಿಜಾ ಐತ್ರಿ. ನನಗ ಬರಾಕ ಮನಸಿಲ್ಲ" ಎಂದೆ. ದನಿ ನನಗೇ ಕೇಳಿಸಿರಲಿಕ್ಕಿಲ್ಲ. ಹಿರಿಯರು ಕಿವಿಗೆ ಕೈಹಚ್ಚಿ "ಏನಂದಿ ತಂಗಿ?" ಎಂದರು. ಹೀಗಾಗಿ ಎರಡನೆಯ ಸಲ ಹೇಳಬೇಕಾಯಿತು. ಎರಡನೆಯ ಸಲ ಸಲೀಸಾಗಿ ಬಂತು, ಜೊತೆಗೆ ಇನ್ನಷ್ಟು ಬಂತು: "ನಾಚಿಕಿನೂ ಇಲ್ರಿ. ನಾ ಕಾಲೇಜ ಮುಗಸ್ತೀನಿ."

ಸೋದರಮಾವನಿಗೆ ಸಿಟ್ಟು ಬಂದದ್ದು ಅವನ ಮೀಸೆಯಲ್ಲೇ ಕಾಣುತ್ತಿತ್ತು. ಅಪ್ಪ ಬೀಗರ ಮುಂದೆ ಕಪ್ಪು ಸರಿಸಿದರು. "ಆಕಿ ಹೇಳಿದ್ಲಲ್ರಿ. ಚಹಾ ತಗೋರಿ."

ಆ ಸಂಬಂಧ ಕಳಚಿಕೊಳ್ಳಲು ಮುಂದೆ ಬಹಳ ಕಾಲ ಹಿಡಿಯಿತು, ಅವ್ವ ಬಹಳ ಅತ್ತಳು. ಅದೆಲ್ಲ ಬೇರೆ ಕತೆ. ಮರುದಿನ ಅಕ್ಕೋರನ್ನು ಕೇಳಿದೆ: "ನೀವು ಒಂದ್ ಮಾತು ಅಂದಿದ್ರ ಅವರು ಕೇಳ್ತಿದ್ರು. ಯಾಕ ಸುಮ್ಮ ಕುಂತ್ರಿ?"

"ನಿನ್ನ ಪಾಳಿ ನಾ ಆಡಿದ್ರ, ಮುಂದಿನ ಪಾಳಿಗೂ ನನ್ನ ಮಾರಿ ನೋಡ್ತಿದ್ದಿ" ಎಂದರು. ಆಮೇಲೆ ಪೆನ್ನು ಹುಡುಕಿದರು. "ಈಗರೆ ಹೇಳು, ಆಕಿ ಹೆಸರೇನು? ಎಷ್ಟ್ ದಿನಾ ಹೆಸರಿಲ್ಲದಾಕಿನ್ನ ಕಟ್ಕೊಂಡು ಕತಿ ನಡಸ್ಲಿ?"

ಗಿರಿಜಾ ಎಂದೆ. ಗಿಡ್ಡ ಇದ್ದಾಳೆ, ಸಿಟ್ಟು ಬಹಳ, ಕೈಯಲ್ಲಿ ಕತ್ತಿ ಎಂದೆ. ಆ ಭಾನುವಾರದ ಆಟದಲ್ಲಿ ನನ್ನ ಯೋಧೆ ತೊಲೆಯಿಂದ ಇಳಿದು ಸ್ವಂತ ರೂಪದಲ್ಲಿ ಸಭೆಯ ನಡುವೆ ನಿಂತು ಮಂತ್ರಿ ಸುಳ್ಳನೆಂದು ಹೇಳಿದಳು. ದಾಳ ಮೂರು ಬಿತ್ತು. ರಾಜ ನಂಬಲಿಲ್ಲ. ಆದರೆ ಯಾರೂ ನೆಲ ಕುಟ್ಟಲಿಲ್ಲ. ಆಮೇಲೆ ನಾನು ಕರಡಿಯಾದೆ. ಈರಣ್ಣ ಕುಣಿದಾಡಿಬಿಟ್ಟ.

ಕಾಲೇಜು ಮುಗಿಸಿದೆ, ಬಿ.ಎಡ್. ಮಾಡಿದೆ. ಈಗ ಲಕ್ಷ್ಮೇಶ್ವರದಲ್ಲಿ ನನ್ನನ್ನೇ ಅಕ್ಕೋರು ಎನ್ನುತ್ತಾರೆ. ತರಗತಿಯಲ್ಲಿ ಬಾಯಿಬಿಡದ ಹುಡುಗಿಯರಿರುತ್ತಾರೆ. ಅವರಿಗೆ ನಾನು ಬೆರಳು ತೋರಿಸುವುದಿಲ್ಲ, ಕೈ ಚಾಚುತ್ತೇನೆ, ಕಾಯುತ್ತೇನೆ. ಕಾಯುವುದು ಎಷ್ಟು ಕಷ್ಟವೆಂದು ಈಗ ತಿಳಿಯುತ್ತದೆ. ಬಾಯಿಗೆ ಬಂದ ಉತ್ತರ ನುಂಗಿಕೊಂಡು ಸುಮ್ಮನಿರಬೇಕು. ಅಕ್ಕೋರು ನನಗಾಗಿ ಅಷ್ಟು ದಿನ ಸುಮ್ಮನಿದ್ದರು. ನಾನು ಇಂದು ಆಡುವ ಮಾತೆಲ್ಲ ಅವರು ಅಂದು ಆಡದೆ ಉಳಿಸಿಕೊಟ್ಟದ್ದು.

ಹೋದ ವರ್ಷ ಅವರು ತೀರಿಕೊಂಡರು. ಸುದ್ದಿ ತಿಳಿದು ಮೊದಲ ಬಸ್ಸಿಗೆ ಬೆಟಗೇರಿಗೆ ಹೊರಟು ಬಂದೆ. ಪಡಸಾಲೆಯಲ್ಲಿ ಅವರನ್ನು ಮಲಗಿಸಿದ್ದರು, ಸುತ್ತ ಹೆಂಗಸರು ಕೂತಿದ್ದರು. ರೇಷ್ಮಾ ನನಗಿಂತ ಮೊದಲೇ ಬಂದಿದ್ದಳು. ಅವಳ ಪಕ್ಕ ಕೂತೆ. ದೂರದ ಸಂಬಂಧದ ಹಿರಿಯಾಕೆಯೊಬ್ಬರು ಸೆರಗಿನಿಂದ ಮೂಗು ಒರೆಸಿಕೊಂಡು ಹೇಳಿದರು: "ಪಾಪ, ಗಂಡ ಇಲ್ಲ, ಮಕ್ಕಳಿಲ್ಲ. ತನ್ನವರು ಅಂತ ಯಾರೂ ಇಲ್ಲದ ಜೀವ."

ಸುತ್ತ ಕೂತವರೆಲ್ಲ ಲೊಚಗುಟ್ಟಿದರು. ಕನಿಕರದಿಂದಲೇ. ಅಭ್ಯಾಸಬಲದಿಂದ ನನ್ನ ನಾಲಿಗೆಯೂ ಅಂಗುಳಕ್ಕೆ ಏರಿತ್ತು.

ಹೊದಿಕೆಯ ಹೊರಗೆ ಅಕ್ಕೋರ ಬಲಗೈ ಕಾಣುತ್ತಿತ್ತು. ಸೊಟ್ಟ ಬೆರಳು ಎಂದಿನಂತೆ ರೇಷ್ಮಾಳ ಕಡೆ ತಿರುಗಿತ್ತು. ರೇಷ್ಮಾ ಅದನ್ನು ನೋಡಿದಳು, ನನ್ನನ್ನು ನೋಡಿದಳು. ಅದು ಅವಳಿಗೆ ತೋರಿಸಿದ್ದಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

"ಹಂಗನಬ್ಯಾಡ್ರಿ" ಎಂದೆ. ಅಳುವಿನಲ್ಲಿ ದನಿ ಏಳಲಿಲ್ಲ.

"ಏನಂದಿ ತಂಗಿ?" ಎಂದರು ಆ ಹಿರಿಯಾಕೆ.

ಎರಡನೆಯ ಸಲ ಎಲ್ಲರಿಗೂ ಕೇಳುವಂತೆ ಹೇಳಿದೆ. "ಅಕ್ಕೋರಿಗೆ ನಾವದೀವ್ರಿ."