ಹೆಗಲಮಟ ಇಳಿದ ವರತಿ

ಮೊನ್ನೆ ಬಾಜೂ ಮನಿಯವರು ಗೋಡಿ ಕಟ್ಟಲಿಕ್ಕೆ ತರಿಸಿದ ಉಸುಕನ್ನ ನಮ್ಮ ಬಾಗಿಲ ಮುಂದ ಸುರುವಿಸಿದ್ರು. ಜಗಳಾಡಲಿಕ್ಕಂತ ಸೆರಗು ಸಿಕ್ಕಿಸಿಕೊಂಡು ಹೊರಗ ಬಂದೆ. ಹಸಿ ಉಸುಕಿನ ವಾಸನಿ ಬಡೀತು ನೋಡ್ರಿ, ಜಗಳಾನ ಮರೀತು. ಅಲ್ಲೇ ಕುಂತುಬಿಟ್ಟೆ.

ಎಪ್ಪತ್ತರ ದಶಕದಾಗ ಬೈಲಹೊಂಗಲದ ಕಡೆ ಒಂದು ಹಳ್ಳಿಗೆ ನನ್ನ ಕೊಟ್ಟಿದ್ರು. ರಾಮದುರ್ಗದಾಗ ಹೊಳಿ ನೋಡಿ ಬೆಳೆದಾಕಿ ನಾನು. ಅಲ್ಲಿಯ ಹಳ್ಳ ನೋಡಿ, 'ಇದೇನ, ಬಚ್ಚಲ ನೀರೇನ?' ಅಂತ ನಕ್ಕಿದ್ದೆ. ಎಂಥಾ ಸೊಕ್ಕು! ಕುಡಿಯೂದು, ಕೌದಿ ಒಗೆಯೂದು, ಎತ್ತಿನ ಮೈ ತೊಳೆಯೂದು, ಎಲ್ಲಾ ಅದರಾಗನ. ಮಳಿಗಾಲದಾಗ ಹಳ್ಳಾ ಕಾಲಿನಿಂದ ಅಳೀತಿದ್ರು: ಪಾದ, ಮೊಣಕಾಲು, ನಡಾ. ಬ್ಯಾಸಗ್ಯಾಗ ಹರಿವು ನಿಂತ ಮ್ಯಾಲೆ ಉಸುಕಿನಾಗ ವರತಿ ತೋಡಿ, ಜಿನುಗಿದ ನೀರನ್ನ ಬಟ್ಟಲಲೇ ಕೊಡಕ್ಕ ತುಂಬತಿದ್ವಿ. ಆಗ ಅಳತಿ ಕೈಯಿಂದ.

'ವರತಿ ಮೊಣಕೈಗೆ ಬಂತು' ಅಂದದ್ದು ಕೇಳಿ, ನೀರು ಏರಿತಂತ ನಾನು ಕುಣಿದಾಡಿದೆ. 'ಏರಿಲ್ರೀ ಅವ್ವಾರ, ಇಳಿದೈತಿ! ಮೊಣಕೈಮಟ ಕೈ ಇಳಿಸಿದ್ರಷ್ಟ ಈಗ ನೀರು!' ಅಂತ ಹೊಟ್ಟಿ ಹಿಡಕೊಂಡು ನಕ್ಕಾಕಿ ಸಾವಕ್ಕ. ಆಕೀ ವರತಿ ನಮ್ಮದಕ್ಕಿಂತ ಕೆಳಗ, ಹತ್ತು ಮಾರು ದೂರ. ಆಕೀ ಕೇರಿಯವರು ನಮ್ಮ ವರತಿ ಮುಟ್ಟೂ ಹಂಗಿರಲಿಲ್ಲ.

ಗಂಡ ಕಿತ್ತೂರಿನಾಗ ನೌಕರಿ. ಅತ್ತಿಯವರು ಬಾಯಿ ತೆಗೆದ್ರ ಕೆಲಸ ಹೇಳಲಿಕ್ಕಷ್ಟ. ಆ ಊರಾಗ ನನ್ನ ಜೋಡಿ ನಕ್ಕಾಕಿ ಆಕಿ ಒಬ್ಬಾಕಿನ. ಆಕೀ ಧ್ವನಿ ಸಲುವಾಗಿ ನಾನು ದಿನಾ ಒಂದು ಕೊಡ ಹೆಚ್ಚಿಗೆ ತರತಿದ್ದೆ.

ಎರಡು ವರ್ಷ ಮಳಿ ಕೈಕೊಟ್ಟಿತು. ಒಂದು ಮುಂಜಾನೆ ಬೋರಲು ಮಲಗಿ ಹೆಗಲಮಟ ಕೈ ಇಳಿಸಿದ್ರೂ ಬಟ್ಟಲಿಗೆ ಬರೇ ಉಸುಕು. ಸಾವಕ್ಕನ ವರತಿ ತುಂಬಿತ್ತು.

'ಕೊಡ ತರ್ರಿ ಅವ್ವಾರ, ಯಾರೂ ಇಲ್ಲ.'

ಯಾರೂ ಇರಲಿಲ್ಲ ಖರೆ. ಆದ್ರೂ ಅತ್ತಿಯವರ ಮಾರಿ ಕಣ್ಮುಂದ ಬಂತು. 'ಬ್ಯಾಡ ಸಾವಕ್ಕಾ, ನಮಗ ನಡಿಯಂಗಿಲ್ಲ' ಅಂದುಬಿಟ್ಟೆ.

'ನಿಮ್ಮ ವರತಿ ನೀರ ಇಳಿದು ಇಲ್ಲಿಗೆ ಬಂದಾವ್ರೀ' ಅಂದಳು, ಅಷ್ಟ.

ಖಾಲಿ ಕೊಡ ಹೊತ್ತು ಬಂದೆ. ಮರುದಿನದಿಂದ ಸಾವಕ್ಕ 'ಬಂದ್ರೇನ್ರಿ?' ಅಂತ ಕೇಳಿ ಬೆನ್ನು ತಿರುವತಿದ್ದಳು. ಹಳ್ಳಾ ಮತ್ತ ತುಂಬಿ ಹರೀತು, ಆಕಿ ನನ್ನ ಜೋಡಿ ಮತ್ತ ನಗಲಿಲ್ಲ. ನಾಚಿಕಿಗೆ ನಾನೂ ಮಾತು ತೆಗೀಲಿಲ್ಲ. ನಾನು ಆ ಊರು ಬಿಡೂವಾಗ ಆಕಿಗೆ ಹೇಳಿ ಸುದ್ದಾ ಬರಲಿಲ್ಲ.

ಮೊನ್ನೆ ಬಾಗಿಲ ಮುಂದಿನ ಆ ಉಸುಕಿನಾಗ ಮೊಣಕೈಮಟ ಕೈ ಇಳಿಸಿ ಕುಂತಿದ್ದೆ ಅಂತ ಕಾಣಸ್ತದ. ಗೋಡಿ ಕೆಲಸಕ್ಕ ಬಂದ ಹೆಣ್ಮಗಳು ಬುಟ್ಟಿ ಇಳಿಸಿ, 'ಏನ ಹುಡುಕಾಕ ಹತ್ತೀರಿ ಅಮ್ಮಾರ, ಉಂಗುರೇನ್ರಿ?' ಅಂದಳು.

'ನೀರು' ಅಂದೆ.

ನೀರಡಿಕಿ ಆಗೇದಂತ ತಿಳಿದು ತನ್ನ ಬಾಟ್ಲಿ ಚಾಚಿದಳು. ಎರಡೂ ಕೈಲೆ ತೊಗೊಂಡು ಕುಡಿದೆ. ಇಷ್ಟೇ ಆಗಿತ್ತು ನೋಡ್ರಿ, ಅವತ್ತ ನಾ ಮಾಡಬೇಕಾಗಿದ್ದು. ಸಾವಕ್ಕಾ, ಇಷ್ಟೇ ಆಗಿತ್ತು.