ಅಕ್ಕ ಕಟ್ಟಿದ ಒಲೆಗಳು

ನನ್ನ ಅಕ್ಕನನ್ನು ಕೊಣನೂರಿನ ಹತ್ತಿರದ ಹಳ್ಳಿಗೆ ಕೊಟ್ಟಿದ್ದರು. ತೊಂಬತ್ತರ ದಶಕದ ಮೊದಲಲ್ಲಿ ಅರಕಲಗೂಡಿನಲ್ಲಿ ಹೆಂಗಸರಿಗೆ ಹೊಗೆ ಬಾರದ ಒಲೆ ಕಟ್ಟುವುದನ್ನು ಕಲಿಸಿದಾಗ ನಾವಿಬ್ಬರೂ ಸೇರಿಕೊಂಡೆವು. ಮಣ್ಣಿನ ಒಲೆ, ಹೊಗೆ ಹೋಗಲು ಸೂರಿನಾಚೆಗೊಂದು ಕೊಳವೆ. ಸೌದೆ ಕಡಿಮೆ ಸಾಕು. ಗುಡ್ಡದ ಗಿಡಮರಗಳು ಉಳಿಯುತ್ತವೆ ಎಂದು ಅಕ್ಕನಿಗೆ ಹಿಗ್ಗೋ ಹಿಗ್ಗು.

ಅಕ್ಕನ ಊರಿನ ಮನೆಗಳಲ್ಲಿ ಒಲೆ ಕಟ್ಟುವುದು ಸುಲಭವಾಗಿತ್ತು, ಮನೆಯವರು ಅದನ್ನು ಬಿಡದೆ ಉರಿಸುವಂತೆ ಮಾಡುವುದೇ ಕಷ್ಟ. ಸ್ವಲ್ಪ ದಿನ ಕಳೆದರೆ ದಪ್ಪ ಸೌದೆ ಹಿಡಿಸದೆಂದು ಒಲೆಯ ಬಾಯನ್ನೇ ಒಡೆದು ಅಗಲ ಮಾಡುತ್ತಿದ್ದರು. ಕೊಳವೆಯಲ್ಲಿ ಮಸಿ ಕಟ್ಟಿ ಹೊಗೆ ಒಳಗೇ ತಿರುಗಿದರೆ, ಹಳೇ ಒಲೆಯನ್ನೇ ಹೂಡುತ್ತಿದ್ದರು. ನನಗೆ ಸಿಟ್ಟು ಬರುತ್ತಿತ್ತು. ಅಕ್ಕನಿಗೆ ಬರುತ್ತಿರಲಿಲ್ಲ.

"ಒಂದ್ಸಲ ಯೋಳಿ ಬಂದ್ಬುಟ್ರೆ ಆಯ್ತದೇನೆ? ಅವ್ರಿಗೆ ರೂಢಿ ಆಗೋಗಂಟ ನಾವು ಓಗ್ತಾನೇ ಇರ್ಬೇಕು ಕಣೆ," ಎನ್ನುತ್ತಿದ್ದಳು.

ಬಿದಿರಿನ ಗಳಕ್ಕೆ ಹಳೇ ಬಟ್ಟೆ ಸುತ್ತಿಕೊಂಡು ಮನೆಮನೆಗೂ ಹೋಗಿ ಕೊಳವೆ ಉಜ್ಜುತ್ತಿದ್ದಳು. ಮುದ್ದೆ ತಿರುವುವಾಗ ಪಾತ್ರೆ ಅಲ್ಲಾಡದಂತೆ ಮಣ್ಣು ಮೆತ್ತಿಕೊಡುತ್ತಿದ್ದಳು. ಅವಳು ಹೋಗಿಬರುತ್ತಿದ್ದ ಮನೆಗಳಲ್ಲಿ ಒಲೆ ಉಳಿಯಿತು.

ಅವಳ ಮನೆಯಲ್ಲಿ ಮಾತ್ರ ಇರಲಿಲ್ಲ. "ವಗೆ ತಾಗ್ದಿದ್ರೆ ಅಟ್ಟದ್ ಬಿದ್ರಿಗೆ ಉಳ ಬೀಳ್ತದೆ. ಊರೋರಿಗೆಲ್ಲ ಕಟ್ಕೊಡೋಗು, ನನ್ನೊಲೆ ಮುಟ್‌ಬ್ಯಾಡ," ಎಂದುಬಿಟ್ಟಿದ್ದರು ಅವಳ ಅತ್ತೆ. ಕೆಟ್ಟವರಲ್ಲ, ಅಕ್ಕನ ಬಾಣಂತನ ಮಾಡಿದವರೇ ಅವರು. ಅಕ್ಕ ಅವರ ಮಾತು ಮೀರಲಿಲ್ಲ. ಊರಿನ ಕೊಳವೆಗಳನ್ನು ಉಜ್ಜಿ ಬಂದವಳು, ಸಂಜೆ ತನ್ನ ಒಲೆಯ ಹೊಗೆಯಲ್ಲಿ ಕೂತು ಊದುತ್ತಿದ್ದಳು.

ಕೆಲವು ವರ್ಷಕ್ಕೆ ಕೆಮ್ಮು ಹಿಡಿಯಿತು. ಹಾಸನದ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಹೊಗೆ ಕುಡಿದು ಕುಡಿದು ಶ್ವಾಸಕೋಶ ಹಾಳಾಗಿದೆ, ತಡವಾಯಿತು ಎಂದರು ಡಾಕ್ಟರು. ಬಸ್ಸಿನಲ್ಲಿ ಅಕ್ಕ ನನ್ನ ಭುಜಕ್ಕೊರಗಿ, "ಅತ್ತೆಮ್ಮಂಗೆ ವಗೆಯಿಂದ ಅಂತ ಯೋಳ್ಬ್ಯಾಡ. ಮುದುಕಿ ಕೊರಗ್ಬುಡ್ತದೆ," ಎಂದಳು. ಅವಳನ್ನು ತವರಿಗೇ ಕರೆತಂದೆ. ಮುಂದಿನ ಮಳೆಗಾಲ ಅವಳು ನೋಡಲಿಲ್ಲ.

ಅಕ್ಕನ ಗಂಡನ ಮನೆಯಲ್ಲಿ ತಿಥಿ ಮುಗಿಸಿ ಹೊರಟಿದ್ದೆ. ಅವಳ ಅತ್ತೆ ಬಾಗಿಲಿಗೆ ಬಂದು ನನ್ನ ಕೈ ಹಿಡಿದುಕೊಂಡರು. ಯಾರು ಹೇಳಿದ್ದರೋ, ಹೊಗೆಯಿಂದಲೇ ಹೀಗಾಯಿತೆಂದು ಅವರಿಗೆ ಗೊತ್ತಾಗಿಹೋಗಿತ್ತು.

"ನಮ್ಮನೇಗೂ ಒಂದ್ ಕಟ್ಬುಡವ್ವ. ಉಜ್ಜೋದ್ ತೋರ್ಸು, ನಾನೇ ಉಜ್ಕತೀನಿ."

ನಾನು ಮಣ್ಣು ಕಲಸಿದೆ, ಅವರು ನೀರು ಹಾಕಿದರು. ಒಲೆ ಮುಗಿದ ಮೇಲೆ ಕೊಳವೆ ಉಜ್ಜುವುದನ್ನು ತೋರಿಸಿಕೊಟ್ಟೆ. ಅವರು ಇರುವಷ್ಟು ದಿನವೂ ಅದರಲ್ಲೇ ಬೇಯಿಸಿಕೊಂಡರು.

ಮದುವೆಯಾಗಿ ನಾನು ಚನ್ನರಾಯಪಟ್ಟಣ ಸೇರಿದೆ. ಅಕ್ಕನ ಹಳ್ಳಿಗೆ ಹೋಗುವುದು ಅಪರೂಪವಾಯಿತು. ಎರಡು ಸಾವಿರದ ಇಸವಿಯಿಂದೀಚೆಗೊಮ್ಮೆ ಹೋದಾಗ, ಅಕ್ಕ ಮೊದಲು ಒಲೆ ಕಟ್ಟಿದ ಮನೆಯಲ್ಲೂ ಅದನ್ನು ಕಿತ್ತು ಹಾಕಿದ್ದರು.

"ಯಾಕವ್ವ ತೆಗೆದ್ರಿ?" ಎಂದೆ.

"ನಿಮ್ಮಕ್ಕ ಬತ್ತಿದ್ಲು, ನೋಡ್ತಿದ್ಲು. ಅವ್ಳು ಓದ್ಮೇಲೆ ಯಾರ್ ಬಂದ್ರವ್ವ?" ಎಂದಳು ಆ ಮನೆಯಾಕೆ. ದೂರುವ ದನಿಯಲ್ಲ ಅದು. ಸೆರಗಿನಿಂದ ಕಣ್ಣೊರೆಸಿಕೊಂಡು ನನಗೆ ಕಾಫಿ ಕಾಯಿಸಲು ಒಳಗೆ ಹೋದಳು. ನಾನು ಜಗುಲಿಯ ಮೇಲೆ ಕೂತೇ ಇದ್ದೆ.