ಫುಗಡಿಯ ಹಿಡಿತ

ನಾಗರಪಂಚಮಿಗೆ ಬೀದರಿನಿಂದ ಭಾಲ್ಕಿಯ ಅಕ್ಕನ ಮನೆಗೆ ಹೋದಾಗ ಅಂಗಳದಲ್ಲಿ ಫುಗಡಿ ಶುರುವಾಗಿತ್ತು. ಇಬ್ಬರು ಎದುರುಬದುರು ನಿಂತು, ಕೈಗಳನ್ನು ಅಡ್ಡಡ್ಡ ಹಿಡಿದು, ಪಾದಗಳನ್ನು ಹತ್ತಿರ ಕೂಡಿಸಿ, ಮೈಯನ್ನು ಹಿಂದಕ್ಕೆ ಬಿಟ್ಟು ಗಿರಗಿರ ತಿರುಗುವ ಆಟ. ಇಡೀ ಭಾರ ಹಿಡಿತದ ಮೇಲೆ. ಅಕ್ಕ ಮಾತ್ರ ಕಟ್ಟೆಯ ಮೇಲೆ ಕುಳಿತಿದ್ದಳು.

ಹಿಂದಿನ ವರ್ಷ ಅದೇ ಅಂಗಳದಲ್ಲಿ ತಿರುಗುವಾಗ ಬಿದ್ದು ಅವಳ ಎಡಗೈ ಮುರಿದಿತ್ತು. ಆಗ ಜೋಡಿಯಾಗಿದ್ದವಳು ನಾದಿನಿ, ಔರಾದಿಗೆ ಕೊಟ್ಟ ಹೆಣ್ಣುಮಗಳು. ಕೈ ಕೂಡಿತು, ನಾದಿನಿಯ ಅಂಜಿಕೆ ಹೋಗಲಿಲ್ಲ. ಈ ಸಲ ತವರಿಗೆ ಬಂದವಳು ಅಡುಗೆಮನೆ ಬಿಟ್ಟು ಹೊರಬರಲೊಲ್ಲಳು. ಅಕ್ಕನಿಗೋ ಬೇರೆ ಜೋಡಿ ಬೇಡ.

"ಉಂಡಿ ಆಮ್ಯಾಲ ಕಟ್ಟೀಯಂತ, ಬಾ ತಂಗಿ," ಎಂದು ಅಕ್ಕ ನಾದಿನಿಯನ್ನು ಕರೆದಳು.

"ಒಲ್ಲೆರಿ ವೈನಿ. ಮತ್ತ ಜಾರಿದ್ರ ಅಣ್ಣ ನನಗ ತವರಿಗಿ ಕರೀತಾನ?"

"ಅವರು ಕರೀಲಿಲ್ಲಂದ್ರ ನಾ ಕರೀತೇನಿ. ಹೋದ ವರ್ಷ ನನ್ನ ಕೈ ಮುರಿದಾಗ ಅವರೇ ರೊಟ್ಟಿ ಬಡದ್ರು. ಒಂದರೆ ದುಂಡಗಿತ್ತಾ, ಕೇಳು."

ಒಳಗಿಂದ ಭಾವನವರು ಕೆಮ್ಮಿದರು.

ಜಾರಿದ್ದು ಹೇಗೆ ಎಂದು ಕೇಳಿದೆ. ಪತ್ರಿಕೆಯ ಕೆಲಸದಿಂದ ಅಂಟಿದ ಚಾಳಿ. ನಾದಿನಿ ಕೈ ಒರೆಸಿಕೊಳ್ಳುತ್ತ ಹೊಸ್ತಿಲಿಗೆ ಬಂದಳು.

"ಹಿಂದಿನ ದಿನ ಎಲ್ಲಾರೂ ಹಸಿರು ಬಳಿ ಇಡಿಸಿಕೊಂಡಿದ್ದಿವ್ರಿ. ಮಣಿಕಟ್ಟು ಹಿಡದ್ರ ವೈನಿಯವ್ರ ಬಳಿ ಒಡದೀತಂತ ಬೆರಳಷ್ಟೇ ಹಿಡದಿದ್ದೆ."

ಅಂಗಳ ನೋಡಿದೆ. ತಿರುಗುತ್ತಿದ್ದವರೆಲ್ಲ ಬೆರಳುಗಳನ್ನೇ ಹಿಡಿದಿದ್ದರು. ಎಲ್ಲರ ಕೈಯಲ್ಲೂ ಹಬ್ಬದ ಹೊಸ ಬಳೆ.

"ಆಡೂತನಕ ತೆಗೆದಿಡಬಹುದಲ್ರಿ," ಎಂದೆ.

ಅಕ್ಕನ ಅತ್ತೆ ನನ್ನತ್ತ ತಿರುಗಿದರು. "ಹಬ್ಬದ ದಿನ ಬರಿಗೈ? ಅದು ನಿಮ್ಮ ಪೇಪರಿನಾಗ ಬರಕೋರಿ. ನಮ್ಮ ಮನ್ಯಾಗ ನಡ್ಯಂಗಿಲ್ಲ."

ಅಕ್ಕ ಎದ್ದು ಒಳಹೋಗಿ ಕೈ ಮುರಿದಾಗ ಸುತ್ತಿದ್ದ ಬ್ಯಾಂಡೇಜ್ ತಂದಳು. ಒಗೆದು ಮಡಿಚಿಟ್ಟಿದ್ದಳು. ಕತ್ತರಿಸಿ, ಬಳೆಗಳನ್ನು ಮೊಳಕೈಯತ್ತ ಸರಿಸಿ, ಜಾರದಂತೆ ಅವುಗಳ ಮೇಲೆ ಸುತ್ತಿದಳು. ಮೊದಲು ತನಗೆ, ಆಮೇಲೆ ನಾದಿನಿಗೆ. ಬಳೆಗಳು ಕೈಯಲ್ಲೇ ಇದ್ದವು, ಮಣಿಕಟ್ಟು ಖಾಲಿಯಾಯಿತು. ಅತ್ತೆ ಅಂಗಳದ ಕಲ್ಲುಹಾಸು ನೋಡಿದರು. "ಫರಸಿ ಹಸಿ ಅದ, ಒರಸ್ರಿ," ಎಂದರು. ಅದನ್ನು ಒಪ್ಪಿಗೆ ಎಂದೇ ತಿಳಿದೆವು.

ಇಬ್ಬರೂ ಮಣಿಕಟ್ಟು ಹಿಡಿದು ನಿಂತರು. ಮೊದಲ ಸುತ್ತುಗಳು ನಿಧಾನ. ನಾದಿನಿ ಕಣ್ಣು ಮುಚ್ಚಿದ್ದಳು.

"ಕಣ್ಣ ತೆರಿ. ನಿನ್ನ ಮಾರಿ ನೋಡಿ ನನಗ ಅಂಜಿಕಿ ಬರ್ತದ."

ನಾದಿನಿ ನಕ್ಕಳು, ಮೈ ಹಿಂದಕ್ಕೆ ಬಿಟ್ಟಳು. ಆಮೇಲೆ ಎರಡು ಸೀರೆಗಳ ಬಣ್ಣ ಒಂದಾಗುವಷ್ಟು ಜೋರು.

ನಿಂತ ಮೇಲೆ ಪಟ್ಟಿ ಬಿಚ್ಚಿದರು. ಬಳೆಗಳು ಝಣ್ಣನೆ ಕೆಳಗಿಳಿದವು, ಒಂದೂ ಒಡೆದಿರಲಿಲ್ಲ. ಅಕ್ಕನ ಮಣಿಕಟ್ಟಿನ ಮೇಲೆ ಬೆರಳುಗಳ ಕೆಂಪು ಗುರುತು ಮೂಡಿತ್ತು. ಅವಳು ಅದನ್ನು ಬಂದವರಿಗೆಲ್ಲ ತೋರಿಸಿದಳು.

ನಾದಿನಿ ಮತ್ತೆ ಅಡುಗೆಮನೆಗೆ ಹೋಗಲಿಲ್ಲ. ಉಳಿದ ಉಂಡೆಗಳನ್ನು ಭಾವನವರೇ ಕಟ್ಟಿದರು. ಅವೂ ದುಂಡಗಿರಲಿಲ್ಲ.